ಶನಿವಾರದೊಳಗೆ ಈ ಫ್ಯಾನು ತಿರುಗಬೇಕು

ಅವಳು ಟೇಬಲ್ ಫ್ಯಾನನ್ನು ಕುಕ್ಕಿದ ರಭಸಕ್ಕೆ ಮೆಕ್ಯಾನಿಕ್‌ನ ಮೇಜಿನ ಮೇಲಿದ್ದ ಸ್ಕ್ರೂಗಳು ಉರುಳಿ ನೆಲಕ್ಕೆ ಬಿದ್ದವು.

"ಇದನ್ನ ರಿಪೇರಿ ಮಾಡೋದು ಹೇಳಿಕೊಡಿ."

"ಬಿಟ್ಟು ಹೋಗಿ, ನಾಳೆ ಕೊಡ್ತೀನಿ."

"ಬಿಡಲ್ಲ. ನನ್ನ ಕೈಯಾರೆ ಮಾಡ್ಬೇಕು."

ಅವನು ತಲೆಯೆತ್ತಿ ನೋಡಿದ. ಅಲ್ಲಿಗೆ ಅವನ ಕಥೆ ಮುಗಿಯಿತು... ಪಾಪ, ಅದು ಅವನಿಗಿನ್ನೂ ಗೊತ್ತಿರಲಿಲ್ಲ.

ಅವಳು ಹೊಲಿಗೆಯವಳು. ತಗಡಿನ ಸೂರಿನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅದನ್ನು ತನ್ನ ಗೋದಾಮು ಮಾಡಿಕೊಳ್ಳಲು ಅಣ್ಣ ಹೊಂಚು ಹಾಕಿದ್ದ. "ಕೆಟ್ಟ ಫ್ಯಾನು ತಿರುಗಿಸೋಕೆ ಬರಲ್ಲ, ನೀನು ಅಂಗಡಿ ನಡೆಸ್ತೀಯಾ?" ಎಂದು ಅಣಕಿಸಿದ್ದ. ಅವಳೇನು ಸುಮ್ಮನಿರುವವಳೇ? "ಶನಿವಾರದೊಳಗೆ ನಾನೇ ತಿರುಗಿಸ್ತೀನಿ. ಆಗ್ಲಿಲ್ಲ ಅಂದ್ರೆ ಕೋಣೆ ನಿನಗೇ," ಎಂದುಬಿಟ್ಟಿದ್ದಳು.

ಬುಧವಾರ ರೆಕ್ಕೆಗಳನ್ನು ಸೋಪಿನ ನೀರಲ್ಲಿ ತೊಳೆದು, ಜಾಲರಿಯ ತುಕ್ಕು ಉಜ್ಜಿದಳು. ಗುರುವಾರ ಒಳಗೆ ಅಂಟುಗಟ್ಟಿದ್ದ ಜಿಡ್ಡನ್ನು ಸೀಮೆಎಣ್ಣೆಯಿಂದ ಕರಗಿಸಿ, ತನ್ನ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟಳು. ಅವನು ಬಾಯಲ್ಲಷ್ಟೇ ಹೇಳುತ್ತಿದ್ದ. ಒಮ್ಮೆ ಕೈ ಹಾಕಲು ಬಂದಾಗ ಅವಳು ಕಣ್ಣು ಬಿಟ್ಟಿದ್ದಳು.

ಸ್ವಿಚ್ ಹಾಕಿದರೆ ಫ್ಯಾನು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ.

"ಕೆಪಾಸಿಟರ್ ಹೋಗಿದೆ, ಅದಿಲ್ದೆ ಹೊರಡಲ್ಲ," ಎಂದ ಅವನ ದನಿ ಯಾಕೋ ತಗ್ಗಿತು. "ನನ್ನ ಹತ್ರ ಇಲ್ಲ... ನಾಳೆ ತರಿಸ್ತೀನಿ."

ಶುಕ್ರವಾರವೂ ಅದೇ 'ನಾಳೆ'. ಅವನೆದುರು ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು.

ಶನಿವಾರ ಸ್ಕ್ರೂಡ್ರೈವರ್ ಹುಡುಕುತ್ತ ಡ್ರಾಯರ್ ಎಳೆದಳು. ಒಳಗೆ ಡಜನ್‌ಗಟ್ಟಲೆ ಕೆಪಾಸಿಟರ್! ಎಲ್ಲದರ ಮೇಲೂ ತನ್ನ ಫ್ಯಾನಿನ ಕೆಟ್ಟ ಕೆಪಾಸಿಟರ್ ಮೇಲಿದ್ದ ಅಂಕಿಯೇ.

ಒಂದನ್ನು ತೆಗೆದು ಅವನ ಮುಖದೆದುರು ಹಿಡಿದಳು.

"ಹೀಗೆ ಆಟ ಆಡಿಸೋಕೆ ನಮ್ಮಣ್ಣ ಹೇಳಿಕೊಟ್ನಾ?"

"ಯಾವ ಅಣ್ಣ?"

"ಇವತ್ತು ಇದು ತಿರುಗದಿದ್ರೆ ನನ್ನ ಅಂಗಡಿಯೇ ಹೋಗುತ್ತೆ."

ಅವನ ಮುಖ ಬಿಳಿಚಿಕೊಂಡಿತು. "ನನಗೆ ಗೊತ್ತಿರ್ಲಿಲ್ಲ... ಫ್ಯಾನು ಸರಿಯಾದ್ರೆ ನೀವು ಮತ್ತೆ ಬರಲ್ವಲ್ಲ ಅಂತ..."

ಅವಳ ಮನಸ್ಸು ಒಂದು ಕ್ಷಣ ಕರಗಿತು. ಆದರೆ ಕರಗಿದ್ದನ್ನು ತೋರಿಸುವ ಜಾಯಮಾನ ಅವಳದಲ್ಲ.

"ನಿಮ್ಮಾಸೆಗೆ ನನ್ನ ಬದುಕು ಪಣಕ್ಕಿಡೋಕೆ ನೀವ್ಯಾರ್ರೀ?"

ತಾನೇ ಕೆಪಾಸಿಟರ್ ಜೋಡಿಸಿದಳು. ಫ್ಯಾನು ತಿರುಗಿತು. ಅದನ್ನು ಬಗಲಿಗೇರಿಸಿಕೊಂಡು, ಹಿಂತಿರುಗಿ ನೋಡದೆ ನಡೆದಳು.

ಮನೆಯಲ್ಲಿ ಅಣ್ಣ ಆಗಲೇ ಅಂಗಡಿಯ ಬಾಗಿಲಲ್ಲಿ ಮೂಟೆಗಳನ್ನು ಇಳಿಸಿದ್ದ. ಅವಳು ಫ್ಯಾನನ್ನು ಅವನೆದುರಿಗಿಟ್ಟು ಸ್ವಿಚ್ ಹಾಕಿದಳು. ಭರ್ರೆಂದು ಗಾಳಿ ಬೀಸಿತು; ಇನ್ನೊಂದು ಮೂಟೆ ಎತ್ತಿದ್ದ ಅಣ್ಣ ಅದನ್ನು ಅಲ್ಲೇ ಕೆಳಗಿಟ್ಟ.

ಅಷ್ಟರಲ್ಲಿ ಅವಳ ಹಿಂದೆಯೇ ಓಡಿಬಂದಿದ್ದ ಮೆಕ್ಯಾನಿಕ್ ಏದುಸಿರು ಬಿಡುತ್ತ ಮೂಟೆಗಳಾಚೆ ನಿಂತ.

"ನಿಮ್ಮ ಹತ್ರ ಮಾತಾಡ್ಬೇಕಿತ್ತು... ನಿಮ್ಮ ತಂಗಿ ವಿಷಯ," ಎಂದ ಅಣ್ಣನಿಗೆ.

"ನನ್ನ ವಿಷಯ ಅವನ ಹತ್ರ ಯಾಕೆ? ನನ್ನನ್ನೇ ಕೇಳಿ," ಎಂದಳು ಅವಳು.

ಅವನು ಅವಳತ್ತ ತಿರುಗಿದ. "ತಪ್ಪಾಯ್ತು... ನನ್ನ ಮದುವೆ ಆಗ್ತೀರಾ?"

"ಇನ್ನೊಂದ್ಸಲ ಸುಳ್ಳು ಹೇಳಿದ್ರೆ?"

"ಹೇಳಲ್ಲ. ನಿಜ ಹೇಳಿದ್ರೆ ನೀವು ಮತ್ತೆ ಬರಲ್ಲ ಅಂದ್ರೂ ಸುಳ್ಳು ಹೇಳಲ್ಲ."

ಅವಳ ಕಣ್ಣು ತುಂಬಿತು. ಗದ್ದ ಮಾತ್ರ ಎತ್ತಿಯೇ ಇತ್ತು.

"ಅಣ್ಣಾ, ಆ ಮೂಟೆ ಸ್ವಲ್ಪ ಸರಿಸು... ಇವ್ರು ಒಳಗೆ ಬರ್ಲಿ."