ಬೆಳ್ಳಿ ಕಡಗದ ಎಳೆಗಾಳ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಹಲವು ಹೊಳೆಗಳು ಬಂದು ಬೀಳುವ ಒಂದು ಮಹಾಸರೋವರವಿತ್ತು, ಅದರ ದಂಡೆಯ ಮೇಲೆ ಒಂದು ರಾಜ್ಯವಿತ್ತು. ಈ ದಡದಲ್ಲಿ ನಿಂತರೆ ಆ ದಡ ಕಾಣಿಸುತ್ತಿರಲಿಲ್ಲ. ಅದನ್ನು ಎಲ್ಲರೂ ಹಿರಿನೀರು ಎಂದು ಕರೆಯುತ್ತಿದ್ದರು.

ಹಿರಿನೀರಿನ ನಡುಗಡ್ಡೆಯಲ್ಲಿ ಕರಿಬೂದಿ ಎಂಬ ಮಂತ್ರವಾದಿ ಬಂದು ಸೇರಿಕೊಂಡಿದ್ದ. ಅವನು ಬಂದಂದಿನಿಂದ ದಡದ ಊರುಗಳಲ್ಲಿ ಜನ ಕಾಣೆಯಾಗತೊಡಗಿದರು. ಬಟ್ಟೆ ಒಗೆಯಲು ಹೋದವಳು ಬರಲಿಲ್ಲ, ಬಟ್ಟೆ ಕಲ್ಲಿನ ಮೇಲೆ ಉಳಿಯಿತು. ಎಮ್ಮೆಗೆ ಮೈ ತೊಳೆಸಲು ಹೋದವನು ಬರಲಿಲ್ಲ, ಎಮ್ಮೆ ತಾನೇ ಮನೆಗೆ ಬಂತು. ಕರಿಬೂದಿ ನೀರಿನಡಿಯ ಸೆರೆಮನೆಯಲ್ಲಿ ಅವರನ್ನೆಲ್ಲ ಕೂಡಿಹಾಕಿದ್ದಾನೆ ಎಂದು ಜನ ಮಾತಾಡಿಕೊಂಡರು. ಅರಸ ಕತ್ತಿಯವರನ್ನು ಕಳಿಸಿದ. ಕತ್ತಿ ಅವನಿಗೆ ನಾಟಲಿಲ್ಲ, ಕತ್ತಿಯವರೂ ಬರಲಿಲ್ಲ. ಆಮೇಲೆ ಅರಸ ಯಾರನ್ನೂ ಕಳಿಸಲಿಲ್ಲ. ಮೀನಿಗೇನೂ ಬರವಿರಲಿಲ್ಲ, ಅರಮನೆಯಲ್ಲಿ ಎರಡು ಹೊತ್ತೂ ಮೀನಿನಡುಗೆ ನಡೆದೇ ಇತ್ತು.

ಆ ದಡದಲ್ಲಿ ಮಾಚಿ ಎಂಬ ಹುಡುಗಿಯಿದ್ದಳು. ಮಾತು ಕಡಿಮೆ, ನೋಟ ಹೆಚ್ಚು. ನಾಲ್ಕು ಜನ ಸೇರಿದ ಕಡೆ ಕಂಬದ ಮರೆ ಹುಡುಕುವವಳು. ಅವಳಿಗೆ ಒಬ್ಬ ಅಣ್ಣ, ಕೇತಣ್ಣ. ಚಿಕ್ಕವನಿದ್ದಾಗ ಗಾಳ ಸಿಕ್ಕಿಕೊಂಡು ಅವನ ಎಡಗಿವಿಯ ಅಂಚು ಸೀಳಿಹೋಗಿತ್ತು. ಒಂದು ಬೆಳಗ್ಗೆ ಅವನು ದೋಣಿ ತೊಳೆಯಲು ಹೋದ. ತೊಳೆಯುವ ಮುಂಚೆ ಕೈಯ ಬೆಳ್ಳಿ ಕಡಗ ಬಿಚ್ಚಿ ಮನೆಯ ಗೂಟಕ್ಕೆ ತಗುಲಿಸಿ ಹೋಗುವುದು ಅವನ ಅಭ್ಯಾಸ. ಅರ್ಧ ತೊಳೆದ ದೋಣಿ ದಡದಲ್ಲಿ ಉಳಿಯಿತು, ಕಡಗ ಗೂಟದಲ್ಲಿ ಉಳಿಯಿತು, ಕೇತಣ್ಣ ಉಳಿಯಲಿಲ್ಲ.

ಅವ್ವ ಅಂದಿನಿಂದ ಗಂಜಿ ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಲಿಲ್ಲ.

ಮಾಚಿ ತನ್ನ ಸೋದರತ್ತೆ ಮಾಕವ್ವೆಯ ಮನೆಗೆ ಹೋದಳು. ಆ ದಡದಲ್ಲಿ ಎಳೆಗಾಳ ಬಲ್ಲವಳು ಅವಳೊಬ್ಬಳೇ ಉಳಿದಿದ್ದಳು.

"ಅತ್ತೆ, ನನಗೆ ಎಳೆಗಾಳ ಕಲಿಸು."

"ಯಾಕೆ, ಬಲೆ ಹಾಕಿದರೆ ಮೀನು ಬೀಳೋದಿಲ್ಲವಾ?"

"ನನಗೆ ಮೀನು ಬೇಡ. ಕರಿಬೂದಿಯ ಜೀವ ಇರುವ ಕರಿಮೀನು ಬೇಕು. ಮಾವ ಅದನ್ನು ಒಮ್ಮೆ ಹಿಡಿದಿದ್ದರಂತಲ್ಲ."

ಅತ್ತೆ ಬೀಸುತ್ತಿದ್ದ ಕಲ್ಲು ನಿಲ್ಲಿಸಿದಳು. ಅವಳ ಗಂಡ ಬೊಪ್ಪಣ್ಣನ ಗಾಳಕ್ಕೆ ಒಂದು ದಿನ ಆ ಮೀನು ಕಚ್ಚಿತ್ತು. ದಾರ ಬಿಗಿಯಾದಷ್ಟು ಹೊತ್ತು ಕರಿಬೂದಿ ನಡುಗಡ್ಡೆಯ ಬಂಡೆಯ ಮೇಲೆ ಬಿದ್ದು ಹೊರಳಾಡಿದ್ದನ್ನು ಗಂಡ ಹೆಂಡತಿ ಇಬ್ಬರೂ ಕಣ್ಣಾರೆ ಕಂಡಿದ್ದರು. ದಾರ ಹರಿಯಿತು, ಅವನು ಎದ್ದು ಕೂತ. ಆ ವಾರವೇ ಬೊಪ್ಪಣ್ಣ ಕಾಣೆಯಾದ.

"ಅಂಗಡಿಗೆ ಹೋಗಿ ಉಪ್ಪು ಕೇಳೋಕೆ ನಾಚುವವಳು ನೀನು. ಮಂತ್ರವಾದಿಯ ಮುಖ ನೋಡ್ತೀಯಾ?" ಎಂದಳು ಅತ್ತೆ.

"ಎಳೆಗಾಳದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರಂತಲ್ಲ ಅತ್ತೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ."

ಅತ್ತೆ ಎಷ್ಟೋ ಕಾಲದ ಮೇಲೆ ನಕ್ಕಳು. "ಬಾ ಹಾಗಾದರೆ. ಆದರೆ ಮಿಣುಕು ನಿನ್ನ ಮನೆಯದೇ ಆಗಬೇಕು."

ಎಳೆಗಾಳವೆಂದರೆ ಹೀಗೆ. ಒಬ್ಬರು ಮುಂದೆ ನೋಡುತ್ತ ಹುಟ್ಟು ಹಾಕುತ್ತಾರೆ, ಇನ್ನೊಬ್ಬರು ಹಿಂದೆ ನೋಡುತ್ತ ದಾರ ಹಿಡಿದು ಕೂರುತ್ತಾರೆ. ದಾರದ ತುದಿಯಲ್ಲಿ ಗಾಳ, ಗಾಳದ ಮೇಲೆ ಎಲೆಯ ಹಾಗೆ ತಟ್ಟಿದ ಲೋಹದ ತುಂಡು. ಅದೇ ಮಿಣುಕು. ದೋಣಿ ಸಾಗಿದಂತೆ ಮಿಣುಕು ನೀರಿನೊಳಗೆ ಹೊರಳುತ್ತ, ಹೊಳೆಯುತ್ತ, ಹೆದರಿ ಓಡುವ ಮರಿಮೀನಿನ ಹಾಗೆ ಹಿಂದೆ ಬರುತ್ತದೆ. ಕರಿಮೀನು ಬಲೆಯನ್ನು ಹರಿಯುತ್ತಿತ್ತು, ನಿಂತ ಎರೆಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಓಡುವುದನ್ನು ಕಂಡರೆ ಮಾತ್ರ ಅದಕ್ಕೆ ತಡೆಯಲಾಗುತ್ತಿರಲಿಲ್ಲ.

ಮಿಣುಕಿನ ಲೋಹ ಮನೆಯವರ ಮೈಮೇಲೆ ಸವೆದದ್ದೇ ಆಗಬೇಕು ಎಂಬುದು ಆ ದಡದ ಪದ್ಧತಿ. ಹೊಸ ಲೋಹಕ್ಕೆ ಮೀನು ಬರುವುದಿಲ್ಲ ಎಂದು ಹಿರಿಯರು ಹೇಳುತ್ತ ಬಂದಿದ್ದರು. ಅವ್ವನ ಮೈಮೇಲೆ ಕರಿಮಣಿ ಬಿಟ್ಟರೆ ಏನೂ ಇರಲಿಲ್ಲ. ಅವಳು ಎದ್ದು ಗೂಟದ ಕಡಗ ತೆಗೆದು ಮಾಚಿಯ ಕೈಗಿಟ್ಟಳು.

"ಅವನದೇ ತಗೊಂಡು ಹೋಗು. ಅವನನ್ನು ಕರಕೊಂಡು ಬಾ."

ಅಕ್ಕಸಾಲಿಗ ಕಡಗವನ್ನು ಬಡಿದು, ಹಿಗ್ಗಿಸಿ, ಮಾವಿನೆಲೆಯ ಹಾಗೆ ಬಾಗಿಸಿ ಕೊಟ್ಟ.

ಮೊದಲು ಮೇಲ್ನೀರು ಗೆಲ್ಲಬೇಕು, ಆಮೇಲೆ ನಡುನೀರು, ಆಮೇಲೆ ಅಡಿನೀರು. ಹಾಗೆಂದು ಅತ್ತೆ ಹೇಳಿಕೊಟ್ಟಳು.

ಮೇಲ್ನೀರಿಗೆ, ದಾರ ಮುಳುಗಿಸುವ ಭಾರದ ಗುಂಡು ಕಟ್ಟದೆ ದಾರ ಬಿಟ್ಟರು. ಮಾಚಿ ಬೆರಳ ತುದಿಯಲ್ಲಿ ದಾರ ಮುಟ್ಟಿಕೊಂಡು ಕೂತಳು.

"ಏನು ತಿಳೀತದೆ?" ಬೆನ್ನ ಹಿಂದಿನಿಂದ ಅತ್ತೆ ಕೇಳಿದಳು.

"ಜುಮುಜುಮು ಅಂತದೆ."

"ಮಿಣುಕು ಕುಣೀತಿದೆ. ಜುಮುಜುಮು ನಿಂತರೆ ಪಾಚಿ ಸಿಕ್ಕಿದೆ ಅಂತ ಲೆಕ್ಕ, ಎಳೆದು ಬಿಡಿಸು. ಜಗ್ಗಿದರೆ ಮೀನು. ಆಗ ಕೂಗು. ಆದರೆ ನಾನು ಹುಟ್ಟು ನಿಲ್ಲಿಸೋದಿಲ್ಲ, ತಿರುಗಿ ನೋಡೋದೂ ಇಲ್ಲ. ದೋಣಿ ನಿಂತರೆ ದಾರ ಸಡಿಲ, ದಾರ ಸಡಿಲವಾದರೆ ಮೀನು ಗಾಳ ಉಗುಳ್ತದೆ. ನನ್ನ ಬೆನ್ನ ಹಿಂದೆ ನೀನು ಅತ್ತರೂ ನಾನು ಹುಟ್ಟು ಹಾಕುವವಳೇ."

ದೋಣಿ ಮಾಚಿಯ ಮನೆ ಮುಂದಿನ ನೀರಿನ ಕಟ್ಟೆಯಿಂದ ಇನ್ನೂ ದೂರ ಹೋಗಿರಲಿಲ್ಲ. ದಾರ ತೂಗಿತು. ಜಗ್ಗಲಿಲ್ಲ, ಒದೆಯಲಿಲ್ಲ. ಒಂದು ಚುಕ್ಕೆಮೀನು ಮಿಣುಕನ್ನು ಬಾಯಲ್ಲಿ ಹಿಡಿದು ದೋಣಿಯ ಹಿಂದೆಯೇ ಈಜಿಕೊಂಡು ಬಂತು. ಮಾಚಿ ದಾರ ಸುತ್ತಿದಷ್ಟೂ ಅದು ಹತ್ತಿರ ಬಂತು. ಮೈತುಂಬ ಕೆಂಪು ಚುಕ್ಕೆ, ಎಡಗಡೆಯ ಈಜುರೆಕ್ಕೆಯ ಅಂಚು ಸೀಳಿತ್ತು. ದೋಣಿಗೆ ಎತ್ತಿಹಾಕಿದಾಗಲೂ ಒದ್ದಾಡದೆ ಅವಳನ್ನೇ ನೋಡುತ್ತ ಮಲಗಿತು.

"ಪೆದ್ದು ಮೀನು," ಎಂದಳು ಅತ್ತೆ. "ಕಲಿಯುವವಳ ಅದೃಷ್ಟ. ಮೊದಲ ಮೀನು ಮಾರಬಾರದು, ಬಿಡಬಾರದು. ತಲೆ ತಾಯಿಗೆ, ಬಾಲ ಕಲಿಸಿದವಳಿಗೆ, ನಡು ನಿನಗೆ. ಹಾಗೆ ತಿಂದರೇ ಕೈ ಕೂಡಿ ಬರೋದು."

ಆ ಹೊತ್ತು ಅವ್ವ ಹುಣಸೆಹುಳಿ ಹಾಕಿ ಸಾರು ಮಾಡಿದಳು. ಕೇತಣ್ಣ ಹೋದಮೇಲೆ ಅವಳು ಬಾಯಿಗಿಟ್ಟ ಮೊದಲ ಅನ್ನ ಅದು. ತಲೆಯನ್ನು ಮೂಳೆ ಬಿಡದೆ ಚೀಪಿದಳು. "ಎಷ್ಟು ಸಿಹಿ ಕಣೇ ಮಾಚಿ," ಎಂದಳು. ಅವ್ವ ಊಟ ಮಾಡುವುದನ್ನು ನೋಡಿ ಮಾಚಿಗೆ ತಾನು ಅರ್ಧ ಗೆದ್ದ ಹಾಗಾಯಿತು.

ನಡುನೀರಿಗೆ ಸಣ್ಣ ಗುಂಡು ಕಟ್ಟಿ ಇಳಿಸಿದರು. ಅಲ್ಲಿರುವುದು ಏರುಮೀನು, ಹೊಳೆಯ ಅಬ್ಬಿಯನ್ನೇ ಹಾರಿ ಹತ್ತುವ ಮೀನು. ಅದು ಕಚ್ಚಿದಾಗ ದಾರ ಸುತ್ತಿದ್ದ ರಾಟೆ ಕಿರುಚಿತು. ಮಾಚಿ ಕಲಿತ ಹಾಗೆ ಅದು ಓಡಿದಾಗ ದಾರ ಬಿಟ್ಟಳು, ದಣಿದಾಗ ಸುತ್ತಿದಳು.

ಆಗ ದೋಣಿಯ ಹಿಂದೆ, ನೀರಿನ ಮೇಲೆ, ಕರಿಬೂದಿ ನಡೆದುಕೊಂಡು ಬಂದ. ಅವನ ಅಂಗಾಲು ಒದ್ದೆಯಾಗಿರಲಿಲ್ಲ.

"ಏನು ಬೇಕು ಹುಡುಗಿ?"

ಮಾಚಿ ದಾರದಿಂದ ಕಣ್ಣೆತ್ತಿ ಹೇಳಿದಳು. "ನನ್ನ ಅಣ್ಣ ಬೇಕು. ಕೇತಣ್ಣ."

ಕರಿಬೂದಿ ಹುಬ್ಬೇರಿಸಿದ. "ಅವನನ್ನು ನಿನಗೆ ಆಗಲೇ ಕೊಟ್ಟೆನಲ್ಲ?"

"ಸುಳ್ಳು! ಎಲ್ಲಿ?" ಎನ್ನುತ್ತ ಮಾಚಿ ಎದ್ದು ನಿಂತುಬಿಟ್ಟಳು. ದಾರ ಸಡಿಲವಾಯಿತು. ಏರುಮೀನು ಒಮ್ಮೆ ಮೇಲೆ ಹಾರಿ, ತುಟಿ ಹರಿದುಕೊಂಡು, ಗಾಳ ಉಗುಳಿ ಹೋಯಿತು. ಕರಿಬೂದಿ ನಗುತ್ತ ಮಂಜಿನಲ್ಲಿ ಕರಗಿದ.

"ಅವನು ಮಾತಾಡಿಸಿದ, ನೀನು ಮಾತಾಡಿದೆ," ಎಂದು ಅತ್ತೆ ಬೈದಳು. "ಊರಲ್ಲಿ ಯಾರ ಹತ್ತಿರವೂ ಬಾಯಿ ಬಿಡದವಳು ಅವನ ಹತ್ತಿರ ಬಿಟ್ಟೆಯಾ!"

ಮಾಚಿ ದಾರಿಯುದ್ದಕ್ಕೂ ಅತ್ತಳು. ಅತ್ತೆ, ತಾನು ಹೇಳಿದ್ದಂತೆಯೇ, ತಿರುಗಿ ನೋಡದೆ ಹುಟ್ಟು ಹಾಕಿದಳು.

ನಡುನೀರು ಗೆಲ್ಲದಿದ್ದರೂ ಪಾಠ ಸಿಕ್ಕಿತೆಂದು ಅತ್ತೆ ಅಡಿನೀರಿಗೆ ದೊಡ್ಡ ಗುಂಡು ಕಟ್ಟಿದಳು. ಬೆಳಗಿನಿಂದ ದೋಣಿ ನೇರ ಹೋದಾಗ ಏನೂ ಆಗಲಿಲ್ಲ. "ಸುತ್ತು ಹಾಕ್ತೀನಿ," ಎಂದಳು ಅತ್ತೆ. "ದೋಣಿ ಬಾಗಿ ತಿರುಗಿದಾಗ ಒಳಮಗ್ಗುಲಿನ ದಾರ ನಿಧಾನವಾಗ್ತದೆ, ಮಿಣುಕು ಇಳೀತದೆ. ಓಡಿ ಓಡಿ ಸೋತ ಮರಿ ಹಾಗೇ ಇಳಿಯೋದು. ಅದನ್ನು ಕಂಡರೆ ಅವನ ಮೀನು ಬಿಡೋದಿಲ್ಲ."

ದೋಣಿ ಬಾಗಿತು. ಮಿಣುಕು ಇಳಿಯಿತು. ಅಡಿನೀರು ಒಮ್ಮೆ ಕಪ್ಪಗಾಯಿತು, ದಾರ ಬಂಡೆಗೆ ಸಿಕ್ಕಿದ ಹಾಗೆ ನಿಂತಿತು, ಆಮೇಲೆ ಬಂಡೆಯೇ ಓಡತೊಡಗಿತು.

ಕರಿಬೂದಿ ನಡುಗಡ್ಡೆಯಿಂದ ಗಾಳಿಯಾಗಿ ಬಂದ. ಅಲೆಗಳು ದೋಣಿಯ ಎತ್ತರಕ್ಕೆ ಎದ್ದವು. ಅತ್ತೆ ಹುಟ್ಟು ಹಾಕಿದಳು. ಹುಟ್ಟು ಹಾವಾಯಿತು. ಅತ್ತೆ ಹಾವನ್ನೇ ಹಿಡಿದು ನೀರಿಗೆ ಹೊಡೆಯುತ್ತ ದೋಣಿ ನಡೆಸಿದಳು. ಬೆನ್ನ ಹಿಂದಿನಿಂದ ಅತ್ತೆಯ ದನಿಯಲ್ಲೇ ಯಾರೋ "ದಾರ ಬಿಡೇ, ನಾನು ಮುಳುಗ್ತಿದೀನಿ," ಎಂದರು. ತನ್ನ ಬೆನ್ನಿಗೆ ತಾಗಿದ್ದ ಅತ್ತೆಯ ಬೆನ್ನು ಹಿಂದೆ ಮುಂದೆ ಆಡುತ್ತಿದ್ದದ್ದು ಮಾಚಿಗೆ ತಿಳಿಯುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಓಡಿದಾಗ ಬಿಟ್ಟಳು, ದಣಿದಾಗ ಸುತ್ತಿದಳು. ಬೆರಳು ಸೀಳಿ ದಾರ ಕೆಂಪಾಯಿತು. ಮೀನು ಮೇಲೆ ಬಂದಷ್ಟೂ ಗಾಳಿ ಸೊರಗಿತು. ಕೊನೆಗೆ ಕರಿಮೀನು ದೋಣಿಯಲ್ಲಿ ಬಿತ್ತು, ಕರಿಬೂದಿ ದೋಣಿಯ ಅಂಚು ಹಿಡಿದು ಏದುಸಿರು ಬಿಡುವ ಒಬ್ಬ ಮುದುಕನಾಗಿ ತೇಲಿದ.

ಮಾಚಿ ಮರದ ಕೊಡತಿ ಎತ್ತಿದಳು. "ನೀನು ಒಯ್ದವರೆಲ್ಲ ಎಲ್ಲಿ? ಕೊಂದುಬಿಟ್ಟೆಯಾ?"

"ನಾನು ಒಬ್ಬರನ್ನೂ ಕೊಂದಿಲ್ಲ," ಎಂದ ಕರಿಬೂದಿ. ಅವನ ದನಿಯಲ್ಲಿ ಆಟವಿರಲಿಲ್ಲ. "ಮೀನು ಮಾಡಿ ನೀರಿಗೆ ಬಿಟ್ಟೆ, ಅಷ್ಟೇ. ಉಳಿದದ್ದನ್ನು ನೀವೇ ಮಾಡಿಕೊಂಡಿರಿ. ಹೊಡಿ. ನೀರಿನಲ್ಲಿ ಇರುವವರು ಎದ್ದು ಬರ್ತಾರೆ. ಇಲ್ಲದವರನ್ನು ನಾನಾದರೂ ಎಲ್ಲಿಂದ ತರಲಿ?"

ಮಾಚಿ ಹೊಡೆದಳು. ಕರಿಮೀನು ಸತ್ತಿತು, ಕರಿಬೂದಿ ನೀರಿನ ಮೇಲೆ ಒಂದು ಹಿಡಿ ಬೂದಿಯಾಗಿ ಹರಡಿಹೋದ.

ಹಿರಿನೀರಿನ ಮೀನೆಲ್ಲ ಮನುಷ್ಯರಾಗಿ ಎದ್ದು ದಡಕ್ಕೆ ನಡೆದು ಬಂದರು. ಕೂದಲಿಂದ ನೀರು ಸುರಿಯುತ್ತಿತ್ತು, ಬಾಯಿಗೆ ಮಾತು ಇನ್ನೂ ಸರಿಯಾಗಿ ಕೂಡಿರಲಿಲ್ಲ. ಅವ್ವ ಒದ್ದೆ ಸಾಲಿನುದ್ದಕ್ಕೂ ಓಡುತ್ತ ಒಂದೊಂದು ಎಡಗಿವಿಯನ್ನೂ ನೋಡಿದಳು.

ಬೊಪ್ಪಣ್ಣನೂ ಬಂದ. ಅವನ ಮೇಲ್ತುಟಿ ಹರಿದಿತ್ತು. "ಲೇ ಮಾಕಿ," ಎಂದು ನಕ್ಕ, "ನಿನ್ನ ಸೊಸೆ ದಾರ ಸಡಿಲ ಬಿಟ್ಟಳು, ಬದುಕಿಕೊಂಡೆ. ಇಲ್ಲದಿದ್ದರೆ ನಿನ್ನ ಸಾರಿಗೇ ಬೀಳ್ತಿದ್ದೆ." ಅತ್ತೆ ಗಂಡನ ಕೈ ಹಿಡಿದುಕೊಂಡಳು. ನಗಲಿಲ್ಲ.

ಅವ್ವ ಓಡಿ ಬಂದಳು. "ಬೊಪ್ಪಣ್ಣ, ನನ್ನ ಕೇತನನ್ನು ಕಂಡೆಯಾ?"

"ಕಂಡೆ ತಾಯಿ. ಮೇಲ್ನೀರಲ್ಲೇ ಇದ್ದ. ನಿಮ್ಮ ಮನೆಯ ಕಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಒಂದು ದಿನ ನೀರಲ್ಲಿ ಏನೋ ಹೊಳೀತು. ತನ್ನ ಸ್ವಂತದ್ದು ಸಿಕ್ಕಿದ ಹಾಗೆ ಅದರ ಹಿಂದೆ..." ಬೊಪ್ಪಣ್ಣನ ಕಣ್ಣು ಮಾಚಿಯ ಕೈಗೆ ಬಿತ್ತು. ಅಲ್ಲಿ ಬೆಳ್ಳಿಯ ಮಿಣುಕು ತೂಗುತ್ತಿತ್ತು. ಅವನು ಮಾತು ನುಂಗಿದ. "ಆಚೆ ದಡಕ್ಕೆ ಹೋಗಿರಬೇಕು. ದೂರ. ಬರೋದು ತಡ ಆಗ್ತದೆ."

ಮಾಚಿಗೆ ಸೀಳಿದ ಈಜುರೆಕ್ಕೆ ನೆನಪಾಯಿತು. ಅವಳು ಕಟ್ಟೆಯ ಹಿಂದಕ್ಕೆ ಹೋಗಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ನೀರು ಬಂತು. ಅತ್ತೆ ಹಿಂದಿನಿಂದ ಬಂದು ಅವಳ ಹಣೆ ಹಿಡಿದಳು.

"ಹೇಳಬೇಡ," ಎಂದಳು. "ಯಾವತ್ತೂ ಹೇಳಬೇಡ. ನಿನ್ನವ್ವ ಬದುಕೋದಿಲ್ಲ." ಆಮೇಲೆ ಇನ್ನೂ ಮೆಲ್ಲಗೆ ಹೇಳಿದಳು, "ಬಾಲ ನಾನೂ ತಿಂದೆ ಕಣೇ."

ಅರಸ ಮಾಚಿಗೆ ಪಟ್ಟೆ ಸೀರೆ ಹೊದಿಸಿದ. ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿದ. ಅವಳು ನಾಚಿಕೆಯಿಂದ ತಲೆ ತಗ್ಗಿಸಿದ್ದಾಳೆ ಎಂದು ಜನ ಹೊಗಳಿದರು. ಆಮೇಲೆ ಅರಸ ಡಂಗುರ ಸಾರಿಸಿದ: ಕೇಡು ತೊಲಗಿತು, ಇಂದಿನಿಂದ ಎಲ್ಲರೂ ಸುಖವಾಗಿದ್ದಾರೆ, ಕಳೆದ ವರ್ಷಗಳಲ್ಲಿ ಯಾರ ಮನೆಯಲ್ಲಿ ಏನಡುಗೆಯಾಯಿತು ಎಂಬ ಮಾತನ್ನು ಯಾರೂ ಎತ್ತಕೂಡದು. ಯಾರೂ ಎತ್ತಲಿಲ್ಲ. ಮನೆಮನೆಯಲ್ಲೂ ಬಾರದೆ ಉಳಿದವರಿದ್ದರು, ಮನೆಮನೆಯಲ್ಲೂ ಅವರು ಆಚೆ ದಡದಲ್ಲಿದ್ದಾರೆ ಎಂದೇ ಹೇಳಿಕೊಂಡರು. ಹಿರಿನೀರಿನಲ್ಲಿ ಒಂದು ಮೀನೂ ಉಳಿಯಲಿಲ್ಲ. ಜನ ಸೊಪ್ಪು ಬೆಳೆದುಕೊಂಡರು, ಮದುವೆ ಮಾಡಿಕೊಂಡರು, ಸುಖವಾಗಿದ್ದರು.

ಮಾಚಿ ಮಿಣುಕನ್ನು ಅಕ್ಕಸಾಲಿಗನಿಗೆ ಕೊಟ್ಟು ಮತ್ತೆ ಕಡಗ ಮಾಡಿಸಿದಳು. ಬಡಿತಕ್ಕೂ ಬೆಂಕಿಗೂ ಬೆಳ್ಳಿ ಸವೆದಿತ್ತು. ಮಗುವಿನ ಕೈಗೆ ಆಗುವಷ್ಟಾಯಿತು. ಅದನ್ನೇ ಅವಳು ಗೂಟಕ್ಕೆ ತಗುಲಿಸಿದಳು.

ಅವ್ವ ದಿನವೂ ಬಾಗಿಲಲ್ಲಿ ಕೂತು ನೀರು ನೋಡುತ್ತಿದ್ದಳು. ಒಂದು ಸಂಜೆ ಒಳಗೆ ತಿರುಗಿ ಕೇಳಿದಳು, "ಮಾಚಿ, ಅವತ್ತು ಒಂದು ಮೀನು ತಂದಿದ್ದೆಯಲ್ಲ, ಚುಕ್ಕೆಯದು. ಅಂಥದು ಇನ್ನು ಸಿಗೋದೇ ಇಲ್ಲವೇನೇ?"

"ಇಲ್ಲ ಅವ್ವ."

"ಕೇತ ಬಂದಾಗ ಅವನಿಗೂ ಒಂದು ತುತ್ತು ಉಣ್ಣಿಸಬೇಕಿತ್ತು," ಎಂದಳು ಅವ್ವ.

ಮಾಚಿ ಒಲೆಯ ಮುಂದೆ ಕೂತು ಸೊಪ್ಪಿನ ಸಾರು ತಿರುವುತ್ತಿದ್ದಳು. ತಿರುವುತ್ತಲೇ ಇದ್ದಳು.