ಹದಿನಾಲ್ಕನೇ ನಂಬರ್ ಟ್ರಕ್ಕಿನ ಗಾಳಿ ಪೈಪು

ಮಾರ್ಚ್ ಆರು, ಮಂಗಳವಾರ. ಮಧ್ಯಾಹ್ನ ಒಂದು ಐವತ್ತಕ್ಕೆ ಅಮೆರಿಕದ ಗಡಿ ಊರು ಲರೆಡೊದ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಸರಕು ಸಾಗಣೆ ಕಂಪನಿಯೊಂದರ ಅಂಗಳದಲ್ಲಿ ನಿಂತಿದ್ದ ಟ್ರಕ್ಕಿನ ಬ್ರೇಕ್ ಪೈಪನ್ನು ಯಾರೋ ಕತ್ತರಿಸಿದ್ದಾರೆ, ಚಾಲಕ ಮೆಕ್ಸಿಕೋದವನು, ಇದು ಕೊಲೆ ಯತ್ನ. ದೂರು ಕೊಟ್ಟವನು ಕಂಪನಿಯ ಮ್ಯಾನೇಜರ್ ಆರ್ತುರೊ ಸಾಲ್ದಿವಾರ್.

ಎರಡು ಇಪ್ಪತ್ತೈದಕ್ಕೆ ಇನ್ಸ್‌ಪೆಕ್ಟರ್ ಎಲ್ವಿರಾ ತ್ರೆವಿನ್ಯೊ ಕಾನ್‌ಸ್ಟೆಬಲ್ ಬೆನಾವಿದೆಸ್‌ನೊಂದಿಗೆ ಸ್ಥಳ ತಲುಪಿದಳು. ಗೇಟಿನ ಹೊರಗೆ ಒಂಬತ್ತು ಜನ ಫಲಕ ಹಿಡಿದು ನಿಂತಿದ್ದರು. ಅವರೆಲ್ಲ ಈ ಕಂಪನಿಯಲ್ಲೇ ಚಾಲಕರಾಗಿದ್ದವರು. ಮೆಕ್ಸಿಕೋದ ಟ್ರಕ್ಕುಗಳು ಗಡಿ ನದಿಯ ಸೇತುವೆ ದಾಟಿ ಇಲ್ಲೇ ಸರಕು ಇಳಿಸಿ ಹಿಂದಿರುಗಬೇಕು ಎಂಬ ಕಟ್ಟಳೆ ಹೋದ ವರ್ಷ ಸಡಿಲವಾಗಿತ್ತು. ಈಗ ಅವು ಒಳನಾಡಿನ ಡಲ್ಲಾಸ್‌ವರೆಗೂ ಓಡಬಹುದಿತ್ತು. ಕಂಪನಿ ಸೇತುವೆಯಾಚೆ ಇನ್ನೊಂದು ಕಚೇರಿ ತೆರೆಯಿತು. ತನ್ನ ಒಂಬತ್ತು ಹಳೆಯ ಟ್ರಕ್ಕುಗಳಿಗೆ ಆಚೆಯ ನಂಬರ್ ಪ್ಲೇಟ್ ಹಾಕಿಸಿ, ಅರ್ಧ ಸಂಬಳಕ್ಕೆ ಒಪ್ಪಿದ ಆಚೆಯ ಚಾಲಕರನ್ನು ಕೂರಿಸಿತು. ಅವನ್ನು ಓಡಿಸುತ್ತಿದ್ದವರು ಗೇಟಿನ ಹೊರಗಾದರು.

"ಇನ್ನೇನು ತನಿಖೆ ಮೇಡಂ? ಅಲ್ಲೇ ನಿಂತಿದ್ದಾರಲ್ಲ, ಎಳ್ಕೊಂಡು ಹೋಗಿ" ಎಂದ ಸಾಲ್ದಿವಾರ್. ಬೆಳಿಗ್ಗೆಯೇ ರೇಡಿಯೋದವರಿಗೆ ಫೋನ್ ಮಾಡಿ, ಬಡ ಚಾಲಕರ ಮೇಲೆ ದ್ವೇಷದ ದಾಳಿ ನಡೆದಿದೆ ಎಂದು ಹೇಳಿಬಿಟ್ಟೆ ಎಂದೂ ಸೇರಿಸಿದ.

ಬೆಳಿಗ್ಗೆ ಎಂದರೆ ಯಾವಾಗ ಎಂದು ಎಲ್ವಿರಾ ಕೇಳಿದಾಗ ಅವನು ತಡವರಿಸಿದ. ಇದು ಎರಡನೇ ಸಲವಂತೆ. ಬೆಳಿಗ್ಗೆ ಆರಕ್ಕೆ ಹೊರಡಬೇಕಿದ್ದಾಗಲೂ ಅದೇ ಟ್ರಕ್ಕಿನ ಪೈಪನ್ನು ಯಾರೋ ಕತ್ತರಿಸಿದ್ದರು. ಕಂಪನಿಯವರು ಪೊಲೀಸರನ್ನು ಕರೆಯದೆ ಹೊಸ ಪೈಪು ಹಾಕಿಸಿದ್ದರು. ಊಟದ ವೇಳೆಯಲ್ಲಿ ಅದನ್ನೂ ಯಾರೋ ಕತ್ತರಿಸಿದ್ದರು.

ಸ್ಥಳ ಮಹಜರು ನಡೆಯಿತು. ಹದಿನಾಲ್ಕನೇ ನಂಬರ್ ಟ್ರಕ್ಕು, ಅದರ ತುಂಬ ನೆಲಹಾಸಿನ ಟೈಲ್ಸ್. ಟ್ರಕ್ಕಿನ ಮುಂಭಾಗಕ್ಕೂ ಹಿಂದಿನ ಟ್ರೇಲರ್‌ಗೂ ನಡುವೆ ಬ್ರೇಕಿಗೆ ಗಾಳಿ ಒಯ್ಯುವ ಪೈಪನ್ನು ಚೂರಿಯಿಂದ ಸಪಾಟಾಗಿ ಕತ್ತರಿಸಲಾಗಿತ್ತು. ಬೆನಾವಿದೆಸ್ ಬಗ್ಗಿ ನೋಡಿ ನಕ್ಕುಬಿಟ್ಟ. ಅವನಪ್ಪ ಟ್ರಕ್ ಓಡಿಸುತ್ತಿದ್ದವನು.

"ಮೇಡಂ, ಕಾರಿನ ಪೈಪು ಕತ್ತರಿಸಿದ್ರೆ ಕಾರು ನಿಲ್ಲಲ್ಲ. ಇದನ್ನ ಕತ್ತರಿಸಿದ್ರೆ ಟ್ರಕ್ಕು ಹೊರಡೋದೇ ಇಲ್ಲ. ಗಾಳಿ ಹೋದ್ರೆ ಚಕ್ರ ಎಲ್ಲ ಜಾಮ್. ಕೊಲ್ಲೋನು ಹಿಂಗೆ ಮಾಡಲ್ಲ."

ಆಚೆಯ ನಂಬರಿನ ಒಂಬತ್ತು ಟ್ರಕ್ಕುಗಳು ಸಾಲಾಗಿ ನಿಂತಿದ್ದವು. ಉಳಿದ ಎಂಟನ್ನು ಯಾರೂ ಮುಟ್ಟಿರಲಿಲ್ಲ. ದ್ವೇಷ ಇದೊಂದರ ಮೇಲೆಯೇ ಏಕೆ ಎಂದು ಎಲ್ವಿರಾ ಯೋಚಿಸಿದಳು.

ಚಾಲಕ ನಾಬೋರ್ ರಿಂಕೋನ್ ಸೇತುವೆಯಾಚೆಯ ನುಯೆವೊ ಲರೆಡೊದವನು, ಮೂವತ್ತನಾಲ್ಕು ವರ್ಷ. ಮ್ಯಾನೇಜರ್ ಕೋಣೆಯಲ್ಲಿರುವವರೆಗೆ ಎಲ್ಲದಕ್ಕೂ ಗೊತ್ತಿಲ್ಲ ಎಂದ. ಎಲ್ವಿರಾ ಸಾಲ್ದಿವಾರ್‌ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.

"ಈ ಗಾಡಿ ಬ್ರೇಕ್ ಹೇಗಿದೆ?"

"ಇಲ್ಲ."

"ಇಲ್ಲ ಅಂದ್ರೆ?"

"ಇದ್ದೂ ಇಲ್ಲ. ತುಳಿದ್ರೆ ಒಂದು ಫುಟ್ಬಾಲ್ ಮೈದಾನದಷ್ಟು ದೂರ ಹೋಗಿ ನಿಲ್ಲತ್ತೆ."

"ಯಾರಿಗೂ ಹೇಳ್ಲಿಲ್ವಾ?"

ನಾಬೋರ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡ. "ಹೇಳಿದವನ ಜಾಗಕ್ಕೇ ಅಲ್ವಾ ಮೇಡಂ, ನನ್ನ ಕರ್ಕೊಂಡು ಬಂದಿದ್ದು?"

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕಂಪನಿಯ ಕಡತಗಳನ್ನು ತರಿಸಲಾಯಿತು. ಹದಿನಾಲ್ಕನೇ ನಂಬರಿನ ಬ್ರೇಕಿನ ಬಗ್ಗೆ ಮೂರು ದೂರು ಚೀಟಿಗಳಿದ್ದವು, ಮೂರರಲ್ಲೂ ಒಂದೇ ಸಹಿ. ಹಿಲಾರಿಯೊ ಒಚೋವಾ, ವಯಸ್ಸು ಅರವತ್ತೊಂದು, ಮೂವತ್ತು ವರ್ಷದಿಂದ ಚಾಲಕ. ಮೂರನೆಯ ಚೀಟಿ ಜನವರಿ ಹದಿನೇಳರದು: ಶಾಲೆ ಬಸ್ಸಿನ ಹಿಂದೆ ಟ್ರಕ್ಕು ನಿಲ್ಲಲಿಲ್ಲ, ಪಕ್ಕದ ಚರಂಡಿಗೆ ಇಳಿಸಬೇಕಾಯಿತು, ರಿಪೇರಿ ಆಗುವವರೆಗೆ ಇದನ್ನು ಓಡಿಸುವುದಿಲ್ಲ. ಅವನನ್ನು ಕೆಲಸದಿಂದ ತೆಗೆದ ಪತ್ರದ ಮೇಲೂ ಜನವರಿ ಹದಿನೇಳೇ ಇತ್ತು. ಅದಾದ ಮೂರು ದಿನಕ್ಕೆ ಬ್ರೇಕ್ ಸರಿಯಿದೆ ಎಂಬ ತಪಾಸಣಾ ಪತ್ರಕ್ಕೆ ಸಾಲ್ದಿವಾರ್ ತಾನೇ ಸಹಿ ಹಾಕಿದ್ದ.

ಎಲ್ವಿರಾ ಆ ಕಾಗದವನ್ನು ಎರಡು ಸಲ ಓದಿದಳು. ಅಂಗಳದ ಕ್ಯಾಮೆರಾ ಚಿತ್ರಗಳನ್ನು ತರಲು ಬೆನಾವಿದೆಸ್‌ನನ್ನು ಕಳಿಸಿದಳು.

ಕ್ಯಾಮೆರಾ ಚಿತ್ರಗಳಲ್ಲಿ ಮಂಗಳವಾರ ಹನ್ನೆರಡು ನಲವತ್ತಕ್ಕೆ ಒಬ್ಬ ಮನುಷ್ಯ ಹಿಂದಿನ ಬೇಲಿಯ ಸಂದಿನಿಂದ ಒಳಬಂದು, ಎಡಬಲ ನೋಡದೆ, ನೇರ ಹದಿನಾಲ್ಕನೇ ನಂಬರಿನತ್ತ ನಡೆದಿದ್ದ. ಎಡಗಾಲು ಎಳೆಯುವ ನಡಿಗೆ.

ಗುರುವಾರ ಬೆಳಿಗ್ಗೆ ಹತ್ತೂ ಕಾಲಿಗೆ ಎಲ್ವಿರಾ ಮತ್ತೆ ಗೇಟಿಗೆ ಹೋದಳು. ಹಿಲಾರಿಯೊ ಓಡಿಹೋಗಿರಲಿಲ್ಲ. 'ನಮ್ಮ ಕೆಲಸ ನಮಗೆ ಬಿಡಿ' ಎಂಬ ಫಲಕ ಹಿಡಿದು ಎಂದಿನ ಜಾಗದಲ್ಲೇ ನಿಂತಿದ್ದ.

"ಹಿಲಾರಿಯೊ ಅವರೇ, ಪೈಪು ಕತ್ತರಿಸಿದ್ದು ನೀವೇನಾ?"

"ಹೌದು ಮಗಳೇ. ಎರಡು ಸಲ. ಮತ್ತೆ ಹೊಸದು ಹಾಕಿದ್ರೆ ಮತ್ತೆ ಕತ್ತರಿಸ್ತೀನಿ."

ಅವನು ಫಲಕವನ್ನು ಪಕ್ಕದವನಿಗೆ ಕೊಟ್ಟು, ಎಡಗಾಲು ಎಳೆಯುತ್ತ ಮುಂದೆ ಬಂದು ಕೈ ಚಾಚಿದ. ಉಳಿದವರು ಗಲಾಟೆ ಮಾಡಿದರು. ಗೇಟಿನೊಳಗಿನ ಕಳ್ಳರನ್ನು ಬಿಟ್ಟು ಮುದುಕನಿಗೆ ಕೋಳ ಹಾಕುತ್ತೀಯಾ ಎಂದು ಒಬ್ಬ ಎಲ್ವಿರಾಳ ಮುಖಕ್ಕೇ ಕೇಳಿದ. ಅವಳು ಹಿಲಾರಿಯೊನನ್ನು ಪೊಲೀಸ್ ಕಾರಿನತ್ತ ಕರೆದೊಯ್ದಳು.

ರಸ್ತೆ ತಪಾಸಣಾ ಅಧಿಕಾರಿಗಳನ್ನು ಅವಳೇ ಕರೆಸಿದಳು. ಟ್ರಕ್ಕಿನ ಹತ್ತು ಬ್ರೇಕುಗಳಲ್ಲಿ ಆರು ಸತ್ತಿದ್ದವು. ರಸ್ತೆಗಿಳಿಸಬಾರದೆಂಬ ಕೆಂಪು ಚೀಟಿ ಅಂಟಿಸಿದರು. ಸಾಲ್ದಿವಾರ್‌ಗೆ ಮೂವತ್ತು ದಿನದೊಳಗೆ ವಿವರಣೆ ಕೊಡಬೇಕೆಂದು ನೋಟಿಸು ಕೊಟ್ಟರು. ಅವನು ಅದನ್ನು ಮಡಚಿ ಜೇಬಿಗಿಟ್ಟು ಊಟಕ್ಕೆ ಹೋದ. ಸುಳ್ಳು ತಪಾಸಣಾ ಪತ್ರದ ಮೇಲೆ ಎಲ್ವಿರಾ ಬೇರೆಯೇ ಪ್ರಕರಣ ಬರೆದು ಸರ್ಕಾರಿ ವಕೀಲರಿಗೆ ಕಳಿಸಿದಳು. ನೋಡೋಣ ಎಂದರು. ಹಿಲಾರಿಯೊನ ಆರೋಪಪಟ್ಟಿಗೆ ಮಾತ್ರ ಅದೇ ದಿನ ಮೊಹರು ಬಿತ್ತು.

ಹಿಲಾರಿಯೊನ ಹೇಳಿಕೆ ಬರೆದುಕೊಳ್ಳುವಾಗ ಅವಳು ಕೊನೆಯದಾಗಿ, ಆಚೆಯಿಂದ ಬಂದ ಚಾಲಕರ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದಳು.

"ಇದೆ. ಸುಳ್ಳು ಯಾಕೆ ಹೇಳ್ಲಿ? ನನ್ನ ಸೀಟಲ್ಲಿ ಅವನು ಕೂತಿದ್ದು ನೋಡಿ ಹೊಟ್ಟೆ ಉರೀತು. ಆದ್ರೆ ಮಗಳೇ, ಆ ಗಾಡಿ ಏನು ಅಂತ ನಂಗೊತ್ತು. ಅವನು ವಾಪಸ್ ಹೋಗ್ಲಿ ಅಂತಿದ್ದೆ. ಸಾಯ್ಲಿ ಅಂತ ಅಲ್ಲ."

ಎಲ್ವಿರಾ ಅದನ್ನು ಒಂದು ಅಕ್ಷರವೂ ಬದಲಿಸದೆ ಬರೆದುಕೊಂಡಳು.