ತಾತ ಹಾಕಿದ ಸಹಿ

ಗುರುವಾರ ಬಂತೆಂದರೆ ಸಹಿ ಪರೀಕ್ಷಕಿಗೆ ತಲೆ ಬಾಚಿಕೊಳ್ಳಲು ಹತ್ತು ನಿಮಿಷ ಹೆಚ್ಚು ಬೇಕಾಗುತ್ತಿತ್ತು. ಕೇಳಿದರೆ ಕೂದಲು ಸಿಕ್ಕಾಗಿದೆ ಎನ್ನುವಳು. ಸಿಕ್ಕಾಗಿದ್ದು ಕೂದಲಲ್ಲ ಎಂಬುದು ಅವಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಕೆಲಸ ಹಳೆಯ ಕಾಗದಪತ್ರಗಳ ಅಂಗಡಿಯಲ್ಲಿ. ಹಿಂದಿನ ಕಾಲದ ಸಿನಿಮಾ ತಾರೆಯರು ಸಹಿ ಹಾಕಿದ ಕರಾರುಪತ್ರ, ಕಾಗದ, ಫೋಟೋಗಳನ್ನು ಭೂತಗನ್ನಡಿ ಹಿಡಿದು ನೋಡಿ, ಅಸಲಿಯೋ ನಕಲಿಯೋ ಹೇಳಬೇಕು. ಅವನ್ನು ಸಂಗ್ರಹಿಸುವ ಹುಚ್ಚು ಹತ್ತಿಸಿಕೊಂಡ ಒಬ್ಬ ದಂತವೈದ್ಯ ಪ್ರತಿ ಗುರುವಾರ ಒಂದೇ ಒಂದು ಕಾಗದ ತರುತ್ತಿದ್ದ. ಕಂತೆಯನ್ನೇ ಒಮ್ಮೆಲೇ ತರಬಾರದೇ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ಗುರುವಾರ ಅವನು ತಂದದ್ದು ಕಪ್ಪು-ಬಿಳುಪು ಕಾಲದ ನಾಯಕಿಯೊಬ್ಬಳ ಫೋಟೋ. ಕೆಳಗೆ ನೀಲಿ ಶಾಯಿಯಲ್ಲಿ, 'ಅಳಬೇಡ. ಮುಂದಿನ ಸಲ ಪಾಸಾಗುತ್ತೀಯ.' ಅದರಡಿ ಸಹಿ.

"ನಮ್ಮಜ್ಜಿ ಪರೀಕ್ಷೇಲಿ ಫೇಲಾದಾಗ ಇವರಿಗೆ ಕಾಗದ ಬರೆದಿದ್ರಂತೆ. ಉತ್ತರವಾಗಿ ಇದು ಬಂತು. ಅಜ್ಜಿ ಪಾಸಾದ್ರು, ಟೀಚರೂ ಆದ್ರು. ಭಾನುವಾರ ನನ್ನ ಸಂಗ್ರಹದ ಪ್ರದರ್ಶನ. ಇದೇ ಮೊದಲನೇ ಫ್ರೇಮು! ನೀವೊಂದು ಪ್ರಮಾಣಪತ್ರ ಕೊಟ್ಬಿಟ್ರೆ ಸಾಕು."

ಅವಳಿಗೆ ಭೂತಗನ್ನಡಿ ಬೇಕಾಗಲಿಲ್ಲ. ಸಹಿಯ ಕೊನೆಯ ಅಕ್ಷರ ಬೆಕ್ಕಿನ ಬಾಲದಂತೆ ಸುರುಳಿ ಸುತ್ತಿತ್ತು. ಅದು ಅವಳ ತಾತನ ಕೈ. ಆ ನಾಯಕಿಯ ಕಾರ್ಯದರ್ಶಿಯಾಗಿದ್ದ ತಾತ, ಅಭಿಮಾನಿಗಳ ಕಾಗದಗಳಿಗೆಲ್ಲ ಆಕೆಯ ಹೆಸರಿನಲ್ಲಿ ತಾನೇ ಉತ್ತರ ಬರೆದು ಸಹಿ ಹಾಕುತ್ತಿದ್ದ. ಮೊಮ್ಮಗಳಿಗೆ ಅಕ್ಷರ ತಿದ್ದಿಸಿದ್ದೂ ಅದೇ ಕೈ.

ಅಸಲಿ ಎಂದು ಮುದ್ರೆ ಒತ್ತಿದರೆ ಕೆಲಸಕ್ಕೆ ದ್ರೋಹ. ನಕಲಿ ಎಂದರೆ ಅಜ್ಜಿಯ ಮನಸ್ಸೂ ಮುರಿಯುತ್ತದೆ, ಗುರುವಾರಗಳೂ ಮುಗಿಯುತ್ತವೆ. ಅತ್ತ ದರಿ, ಇತ್ತ ಪುಲಿ.

"ಇದು ಅವರ ಸಹಿ ಅಲ್ಲ," ಎಂದಳು ಕಣ್ಣೆತ್ತದೆ. "ನಮ್ಮ ತಾತಂದು."

ನಡೆದದ್ದನ್ನೆಲ್ಲ ಹೇಳಿದಳು. ಅವನು ಫೋಟೋವನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡ. "ಅಜ್ಜಿಗೆ ಹೇಗೆ ಹೇಳ್ಲಿ?" ಎಂದಷ್ಟೇ ಕೇಳಿ ಹೊರಟುಹೋದ.

ಶುಕ್ರವಾರವಿಡೀ ಅವಳಿಗೆ ಊಟ ಸೇರಲಿಲ್ಲ. ಸತ್ಯ ಹೇಳಿದ ತನ್ನ ನಾಲಿಗೆಯನ್ನು ಸಾವಿರ ಸಲ ಬೈದುಕೊಂಡಳು.

ಶನಿವಾರ ಮಧ್ಯಾಹ್ನ ಕೋಲೂರಿಕೊಂಡು ಒಬ್ಬ ಅಜ್ಜಿ ಅಂಗಡಿಯೊಳಗೆ ಬಂದರು. ಅವರ ಬೆನ್ನ ಹಿಂದೆ, ತಪ್ಪು ಮಾಡಿದವನಂತೆ, ದಂತವೈದ್ಯ.

"ನೀನೇನಮ್ಮ ಆ ಪುಣ್ಯಾತ್ಮನ ಮೊಮ್ಮಗಳು?"

"ಕ್ಷಮಿಸಿ ಅಜ್ಜಿ, ನಾನು..."

"ಕ್ಷಮೆ ಯಾಕೆ? ಆ ನಟಿಗೆ ನನ್ನಂಥೋರು ಲಕ್ಷ ಜನ. ಗುರುತು ಪರಿಚಯ ಇಲ್ಲದ ಹುಡುಗಿ ಅಳ್ತಿದಾಳೆ ಅಂತ ಒಬ್ಬ ಗುಮಾಸ್ತ ಕೂತು ಎರಡು ಸಾಲು ಬರೆದ್ನಲ್ಲ, ಅದು ದೊಡ್ಡದು. ಮೊದಲನೇ ಫ್ರೇಮು ಇದೇ. ಕೆಳಗೆ ನಿಮ್ಮ ತಾತನ ಹೆಸರು ಬರಿ." ಮೊಮ್ಮಗನನ್ನು ಕೋಲಿನಿಂದ ತಿವಿದರು. "ಇದನ್ನ ನನಗೆ ಹೇಳೋಕೆ ಎರಡು ದಿನ ಒದ್ದಾಡಿದ. ನಿನಗೆ ಹೇಳೋದು ಇನ್ನೊಂದಿದೆಯಂತೆ. ನಾನು ಹೊರಗೆ ಕೂತಿರ್ತೀನಿ."

ಅವನ ಕಿವಿ ಕೆಂಪಾಗಿತ್ತು. ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ಹಳೆಯ ಸಿನಿಮಾ ಕರಾರಿನ ಧಾಟಿಯಲ್ಲೇ ಬರೆದು, ಕೆಳಗೆ ಸಹಿ ಹಾಕಿದ್ದ: 'ಒಂದನೇ ಪಾರ್ಟಿಯಾದ ದಂತವೈದ್ಯನು ಎರಡನೇ ಪಾರ್ಟಿಯಾದ ಸಹಿ ಪರೀಕ್ಷಕಿಯನ್ನು ಮನಸಾರೆ ಪ್ರೀತಿಸುತ್ತಿರುವುದರಿಂದ, ಉಭಯತ್ರರೂ ಪ್ರತಿ ಗುರುವಾರ ಸಂಜೆ ಒಟ್ಟಿಗೆ ಕಾಫಿ ಕುಡಿಯತಕ್ಕದ್ದು.'

ಅವಳು ಭೂತಗನ್ನಡಿ ಎತ್ತಿಕೊಂಡಳು. ಒಂದೊಂದೇ ಸಾಲಿನ ಮೇಲೆ, ಬೇಕೆಂದೇ ನಿಧಾನವಾಗಿ ಸರಿಸಿದಳು.

"ಅಸಲಿನಾ?" ಅವನು ಮೇಜಿನತ್ತ ಬಾಗಿ ಕೇಳಿದ.

"ಸಹಿ ಅಸಲಿ. ಕರಾರಲ್ಲೇ ಒಂದು ತಪ್ಪಿದೆ."

ಅವನ ಮುಖ ಬಾಡಿತು. ಅವಳು ಪೆನ್ನು ತೆಗೆದು 'ಗುರುವಾರ' ಎಂಬುದನ್ನು ಹೊಡೆದುಹಾಕಿ, ಮೇಲೆ 'ದಿನ' ಎಂದು ಬರೆದಳು. ಕೆಳಗೆ ತನ್ನ ಸಹಿ ಹಾಕಿದಳು. ಕೊನೆಯ ಅಕ್ಷರದ ಬಾಲ ತಾತನದರಂತೆಯೇ ಸುರುಳಿ ಸುತ್ತಿತು.

"ಏನಾಯ್ತೋ?" ಹೊರಗಿನಿಂದ ಅಜ್ಜಿ ಕೂಗಿದರು.

"ಪಾಸಾದೆ ಅಜ್ಜಿ!"